ಮೊಂಡಾದ ಬ್ಲೇಡಿನ ಲೆಕ್ಕ

ನಮ್ಮ ಚಾಚಾ ತುಮಕೂರಿನಲ್ಲಿ ಒಂದು ರೇಡಿಯಂ ಅಂಗಡಿ ನಡೆಸುತ್ತಾರೆ. ಆಟೋಗಳ ಹಿಂದೆ ಬರೆಸುವ ಹೆಸರು, ಬೈಕಿನ ಟ್ಯಾಂಕಿಗೆ ಅಂಟಿಸುವ ಸ್ಟಿಕ್ಕರ್, ಅಂಗಡಿಗಳ ಗಾಜಿನ ಬಾಗಿಲಿನ ಮೇಲಿನ ಅಕ್ಷರ, ಸೀಟಿಗೆ ರೆಕ್ಸಿನ್ ಕವರ್, ಇವೆಲ್ಲ ಅಲ್ಲಿ ಆಗುತ್ತವೆ. ಎಚ್‌ಎಸ್‌ಆರ್‌ಪಿ ಬಂದ ಮೇಲೆ ನಂಬರ್ ಪ್ಲೇಟಿನ ಕೆಲಸ ಕಡಿಮೆಯಾಗಿದೆ, ಉಳಿದ ಕೆಲಸಕ್ಕೆ ಬರವಿಲ್ಲ. ಕಾಲೇಜು ಮುಗಿದ ಮೇಲೆ ಅಸರ್‌ನಿಂದ ಮಗ್ರಿಬ್‌ವರೆಗೆ ನಾನು ಅಂಗಡಿಯಲ್ಲಿ ಕೂರುತ್ತೇನೆ. ಬಿಲ್ ಬರೆಯುವುದು ಮತ್ತು ಖರ್ಚಿನ ಪುಸ್ತಕ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿ ಕಾಮರ್ಸ್ ಓದುವ ಹುಡುಗನಿದ್ದರೆ ಲೆಕ್ಕದ ಪುಸ್ತಕ ಅವನ ತಲೆಗೇ ಬರುತ್ತದೆ ಎಂಬುದು ನನ್ನ ಸಹಪಾಠಿಗಳಿಗೆಲ್ಲ ಗೊತ್ತಿರುವ ವಿಷಯ.

ಆ ಪುಸ್ತಕದಲ್ಲಿ ಪ್ರತಿ ವಾರ ತಪ್ಪದೆ ಬರುವ ಒಂದು ಸಾಲು "ಕಟರ್ ಬ್ಲೇಡ್, 1 ಡಬ್ಬಿ, 80 ರೂಪಾಯಿ". ಅಕ್ಷರ ಕತ್ತರಿಸಲು ಈಗ ಕಂಪ್ಯೂಟರ್ ಯಂತ್ರ ಬಂದಿದ್ದರೂ ಶೀಟು ತುಂಡು ಮಾಡಲು, ಅಂಚು ಸವರಲು, ರೆಕ್ಸಿನ್ ಕೊಯ್ಯಲು ಕೈಯಲ್ಲಿ ಕಟರ್ ಬೇಕೇ ಬೇಕು. ಒಂದು ಡಬ್ಬಿಯಲ್ಲಿ 10 ಬ್ಲೇಡು. ಅಂದರೆ ಬ್ಲೇಡಿಗೆ 8 ರೂಪಾಯಿ. ನಾವು ತರುವ ದೊಡ್ಡ ಬ್ಲೇಡು 18 ಮಿಲಿಮೀಟರ್ ಅಗಲದ್ದು. ಅದರ ಮೇಲೆ ಓರೆಯಾಗಿ 7 ಗೆರೆಗಳಿರುತ್ತವೆ. ತುದಿ ಮೊಂಡಾದಾಗ ಒಂದು ಗೆರೆಯಲ್ಲಿ ಮುರಿದರೆ ಹೊಸ ಮೊನೆ ಸಿಗುತ್ತದೆ. ಹೀಗೆ ಒಂದು ಬ್ಲೇಡಿಗೆ 8 ತುಂಡು, ತುಂಡಿಗೆ 1 ರೂಪಾಯಿ.

ಈ ಮುರಿಯುವ ಬ್ಲೇಡನ್ನು ಕಂಡುಹಿಡಿದವರ ಕಥೆ ಸ್ವಾರಸ್ಯವಾಗಿದೆ. ಜಪಾನಿನ ಒಸಾಕಾದಲ್ಲಿ ಮುದ್ರಣದ ಕೆಲಸದಲ್ಲಿದ್ದ ಯೋಶಿಯೊ ಒಕಾಡಾ ಎಂಬವರು 1956ರಲ್ಲಿ ಇದನ್ನು ರೂಪಿಸಿದರು. ಕಾಗದ ಕತ್ತರಿಸಿ ಕತ್ತರಿಸಿ ಬ್ಲೇಡಿನ ತುದಿ ಮಾತ್ರ ಮೊಂಡಾಗುತ್ತಿತ್ತು, ಉಳಿದ ಭಾಗ ಚೆನ್ನಾಗಿದ್ದರೂ ಇಡೀ ಬ್ಲೇಡನ್ನು ಎಸೆಯಬೇಕಾಗುತ್ತಿತ್ತು. ಚಪ್ಪಲಿ ಹೊಲಿಯುವವರು ಒಡೆದ ಗಾಜಿನಿಂದ ಅಟ್ಟೆ ಕೆರೆಯುವುದನ್ನು, ಅದು ಮೊಂಡಾದಾಗ ಮತ್ತೆ ಒಡೆದು ಹೊಸ ಅಂಚು ಪಡೆಯುವುದನ್ನು ಅವರು ಗಮನಿಸಿದ್ದರು. ಗೆರೆ ಇರುವ ಕಡೆ ಮುರಿಯುವ ಚಾಕಲೇಟ್ ಪಟ್ಟಿಯೂ ಅವರ ನೆನಪಿನಲ್ಲಿತ್ತು. ಎರಡನ್ನೂ ಸೇರಿಸಿ ಈ ಬ್ಲೇಡು ಮಾಡಿದರು. ಓಲ್ಫಾ ಎಂಬ ಹೆಸರು ಬಂದಿರುವುದೂ "ಮುರಿಯುವ ಅಲಗು" ಎಂಬ ಅರ್ಥದ ಜಪಾನಿ ಮಾತಿನಿಂದಲೇ.

ನಮ್ಮ ದಾದಿಯ ಕಾಲದಲ್ಲಿ ಕತ್ತರಿ, ಚಾಕು ಮೊಂಡಾದರೆ ಸಾಣೆ ಹಿಡಿಯುವವನು ಸೈಕಲ್ ಮೇಲೆ ಬರುವವರೆಗೆ ಕಾಯುತ್ತಿದ್ದರಂತೆ. ಮುರಿಯುವ ಬ್ಲೇಡಿಗೆ ಸಾಣೆ ಬೇಡ, ಕಾಯುವುದೂ ಬೇಡ. ಆದರೆ ಸಾಣೆ ಹಿಡಿದ ಚಾಕು ಮತ್ತೆ ಅದೇ ಮನೆಗೆ ಹೋಗುತ್ತಿತ್ತು. ಮುರಿದ ತುಂಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಹೊಸದಾಗಿ ಹುಟ್ಟಿತು.

ನಮ್ಮ ಗಲ್ಲಿಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ಮಳೆಗಾಲದ ಒಂದು ಭಾನುವಾರ. ಕಸದ ಆಟೋ ಬಂದಿತ್ತು. ಪ್ರತಿದಿನ ನಮ್ಮ ಗಲ್ಲಿಗೆ ಬರುವ ಪೌರಕಾರ್ಮಿಕ ಅಕ್ಕ ಮೂಲೆಯಲ್ಲಿದ್ದ ಒಂದು ಒದ್ದೆ ಚೀಲ ಎತ್ತಿದರು. ಚೀಲದ ಬಾಯಿ ಬಿಚ್ಚಿಕೊಂಡಿತು. ಬೀಳುತ್ತಿದ್ದ ಕಸವನ್ನು ಒತ್ತಿ ಹಿಡಿಯಲು ಕೈ ಹಾಕಿದರು, ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡರು. ಹೆಬ್ಬೆರಳಿನ ಬುಡದಲ್ಲಿ ಸೀಳಿತ್ತು. ಚಾಚಾ ನೀರು ಸುರಿದು, ಹೊಸ ಬಟ್ಟೆ ಸುತ್ತಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದರು. ನಾಲ್ಕು ಹೊಲಿಗೆ, ಒಂದು ಟಿ.ಟಿ. ಇಂಜೆಕ್ಷನ್. ಎಂಟು ದಿನ ಬೇರೊಬ್ಬರು ಬಂದರು. ಒಂಬತ್ತನೇ ದಿನ ಅಕ್ಕ ಬ್ಯಾಂಡೇಜ್ ಸಮೇತ ಬಂದು ಎಡಗೈಯಲ್ಲಿ ಕಸ ಎತ್ತುತ್ತಿದ್ದರು. "ಗ್ಲೌಸ್ ಹಾಕ್ಕೊಳ್ಳಲ್ವಾ ಅಕ್ಕಾ?" ಎಂದು ಕೇಳಿದೆ. "ಹಾಕ್ಕೊಂಡೇ ಇದ್ನಲ್ಲ ತಮ್ಮಾ, ಬ್ಲೇಡಿಗೆ ಗ್ಲೌಸ್ ಯಾವ್ ಲೆಕ್ಕ?" ಅಂದರು.

ಅದು ಯಾರ ಬ್ಲೇಡು? ನಮ್ಮ ಗಲ್ಲಿಯಲ್ಲಿ ಒಂದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇದೆ, ಇಬ್ಬರು ಟೈಲರ್ ಇದ್ದಾರೆ, ಒಂದು ಕಟಿಂಗ್ ಶಾಪ್ ಇದೆ, ನಮ್ಮ ರೇಡಿಯಂ ಅಂಗಡಿ ಇದೆ. ಮೇಲಿನ ಮಹಡಿಗಳಲ್ಲಿ ಸ್ಕೂಲ್ ಪ್ರಾಜೆಕ್ಟ್ ಮಾಡುವ ಮಕ್ಕಳಿರುವ ಮನೆಗಳಿವೆ. ಎಲ್ಲರೂ "ನಮ್ಮದಲ್ಲ" ಅಂದರು. ಯಾರೂ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಬ್ಲೇಡಿನ ತುಂಡಿನ ಮೇಲೆ ಅಂಗಡಿಯ ಹೆಸರು ಇರುವುದಿಲ್ಲವಲ್ಲ.

ಅಕೌಂಟೆನ್ಸಿಯಲ್ಲಿ ನಾವು ಸವಕಳಿಯ ಪಾಠ ಓದಿದ್ದೇವೆ. ಯಂತ್ರವನ್ನು ಕೊಂಡ ಬೆಲೆಯಿಂದ ಗುಜರಿ ಬೆಲೆ ಕಳೆದು ಬಾಳಿಕೆಯ ವರ್ಷಗಳಿಂದ ಭಾಗಿಸಿದರೆ ವರ್ಷದ ಸವಕಳಿ ಬರುತ್ತದೆ. ಅಂಗಡಿಯ ಯಂತ್ರಕ್ಕೆ ಹೀಗೆ ಲೆಕ್ಕ ಹಾಕಬಹುದು. ಬ್ಲೇಡಿಗೆ ಯಾರೂ ಹಾಕುವುದಿಲ್ಲ. ಅದು ತಂದ ದಿನವೇ ಖರ್ಚು, ಅಲ್ಲಿಗೆ ಅದರ ಕಥೆ ಮುಗಿಯಿತು. ಆದರೆ ಪುಸ್ತಕದಲ್ಲಿ ಮುಗಿದ ಬ್ಲೇಡು ಕಸದ ಚೀಲದಲ್ಲಿ ಮುಗಿದಿರುವುದಿಲ್ಲ. ರೆಕ್ಸಿನ್ ಕೊಯ್ಯಲಾರದಷ್ಟು ಮೊಂಡಾದ ತುಂಡು ಮನುಷ್ಯನ ಚರ್ಮ ಸೀಳುವಷ್ಟು ಹರಿತವಾಗಿಯೇ ಇರುತ್ತದೆ. ಅಕ್ಕನ ನಾಲ್ಕು ಹೊಲಿಗೆ, ಎಂಟು ದಿನ ಇವು ನಮ್ಮ ಗಲ್ಲಿಯ ಯಾವ ಅಂಗಡಿಯ ಪುಸ್ತಕದಲ್ಲೂ ಇಲ್ಲ. ಒಂದು ರೂಪಾಯಿಯ ವಸ್ತುವಿನ ನಿಜವಾದ ಖರ್ಚನ್ನು ಕೊಟ್ಟವರು ಅದನ್ನು ಕೊಂಡವರೂ ಅಲ್ಲ, ಬಳಸಿದವರೂ ಅಲ್ಲ.

ಹಾಗಾಗಿ ಅಂಗಡಿಯಲ್ಲಿ ಒಂದು ಬ್ಲೇಡ್ ಡಬ್ಬ ಇಡೋಣ ಎಂದೆ. ಚಾಚಾ ಮೊದಲು ನಕ್ಕರು. "ಏಕ್ ರುಪಾಯಿ ಕೀ ಚೀಜ್ ಕೂ ಇತ್ತಾ ಹಿಸಾಬ್ ಕಾಯ್ಕು?" ಅಂದರು. ಒಂದು ರೂಪಾಯಿಯ ವಸ್ತುವಿಗೆ ಇಷ್ಟೊಂದು ಲೆಕ್ಕ ಯಾಕೆ ಎಂದು. ಒಳಗೆ ಕೂತಿದ್ದ ದಾದಿ ನನ್ನ ಪರ ನಿಂತರು. ದಾದಿ ದಾರಿಯಲ್ಲಿ ಮುಳ್ಳು, ಗಾಜಿನ ಚೂರು ಕಂಡರೆ ಊರುಗೋಲಿನಿಂದ ಬದಿಗೆ ತಳ್ಳದೆ ಮುಂದೆ ಹೋಗುವವರಲ್ಲ. ಅದೂ ಒಂದು ಸದಕಾ ಎನ್ನುತ್ತಾರೆ. "ಬಿದ್ದಿದ್ದನ್ನು ಎತ್ತುವುದೇ ಸದಕಾ ಆದರೆ, ಬೀಳದ ಹಾಗೆ ನೋಡಿಕೊಳ್ಳುವುದು ಏನು?" ಎಂದು ಚಾಚಾನನ್ನೇ ಕೇಳಿದರು. ಚಾಚಾ ಉತ್ತರ ಕೊಡಲಿಲ್ಲ, ಸುತ್ತಿಗೆ ತಂದರು.

ನಾವು ತೆಗೆದುಕೊಂಡಿದ್ದು ಹಾಲಿನ ಪುಡಿಯ ಒಂದು ಖಾಲಿ ತಗಡಿನ ಡಬ್ಬ. ಮುಚ್ಚಳದ ನಡುವೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಹೊಡೆದು ಒಂದು ಸೀಳು ಮಾಡಿದೆವು. ಬ್ಲೇಡು ಒಳಗೆ ಹೋಗಬೇಕು, ಬೆರಳು ಹೋಗಬಾರದು, ಅಷ್ಟೇ ಅಗಲ. ತಗಡಿನ ಅಂಚು ಒಳಮುಖವಾಗಿ ಮಡಚಿಕೊಂಡಿರಬೇಕು, ಇಲ್ಲದಿದ್ದರೆ ಮುಚ್ಚಳವೇ ಕೈ ಕೊಯ್ಯುತ್ತದೆ. ನಂತರ ಮುಚ್ಚಳದ ಸುತ್ತ ಟೇಪ್ ಸುತ್ತಿ, ನಮ್ಮದೇ ಕೆಂಪು ರೇಡಿಯಂನಲ್ಲಿ "ಬ್ಲೇಡ್ ಇದೆ, ತೆರೆಯಬೇಡಿ" ಎಂದು ಕತ್ತರಿಸಿ ಅಂಟಿಸಿದೆವು. ಓದಲು ಬಾರದವರಿಗೂ ತಿಳಿಯಲಿ ಎಂದು ಪಕ್ಕದಲ್ಲಿ ಒಂದು ಬ್ಲೇಡಿನ ಚಿತ್ರ. ದುಡ್ಡು ಹಾಕುವ ಹುಂಡಿಯಂತೆ ಕಾಣುವುದರಿಂದ ಮನೆಯಲ್ಲಿ ಎಲ್ಲರೂ ಅದಕ್ಕೆ ಗುಲ್ಲಕ್ ಎಂದೇ ಹೆಸರಿಟ್ಟಿದ್ದಾರೆ.

ತಗಡಿನ ಡಬ್ಬ ಸಿಗದಿದ್ದರೆ ಫಿನಾಯಿಲ್ ಅಥವಾ ಆ್ಯಸಿಡ್ ಬರುವಂಥ ದಪ್ಪ ಪ್ಲಾಸ್ಟಿಕ್ ಬಾಟಲಿಯನ್ನು ಚೆನ್ನಾಗಿ ತೊಳೆದು, ಒಣಗಿಸಿ ಬಳಸಬಹುದು. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಬ್ಲೇಡು ಅದನ್ನು ತೂರಿ ಹೊರಬರುತ್ತದೆ. ಗಾಜಿನ ಬಾಟಲಿ ಒಡೆದರೆ ಒಂದು ಅಪಾಯದ ಜಾಗದಲ್ಲಿ ಎರಡಾಗುತ್ತವೆ. ಕಾಗದದಲ್ಲಿ ಸುತ್ತಿ ಎಸೆಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಕಾಗದ ಒದ್ದೆಯಾಗುವವರೆಗೆ ಮಾತ್ರ ಅದರಿಂದ ರಕ್ಷಣೆ. ಚರಂಡಿಗೆ ಹಾಕಿದರೆ ಚರಂಡಿ ತೆಗೆಯುವವರ ಕೈಗೆ, ಮಣ್ಣಿನಲ್ಲಿ ಹೂತರೆ ಮುಂದೆ ಅಲ್ಲಿ ಆಡುವ ಮಕ್ಕಳ ಕಾಲಿಗೆ.

ಬ್ಲೇಡು ಮುರಿಯುವುದಕ್ಕೂ ಒಂದು ರೀತಿ ಇದೆ. ಬೆರಳಿನಿಂದ ಮುರಿಯಬಾರದು. ಮೇಜಿನ ಅಂಚಿಗೆ ಒತ್ತಿ ಮುರಿದರೆ ತುಂಡು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಒಂದೇ ಒಂದು ತುಂಡು ಹೊರಗೆ ಬರುವಷ್ಟು ಬ್ಲೇಡು ಮುಂದಕ್ಕೆ ತಳ್ಳಿ ಕಟರನ್ನು ಲಾಕ್ ಮಾಡಬೇಕು. ಗೆರೆ ಕಾಣುವ ಮುಖ ಮೇಲಕ್ಕಿರಲಿ. ತುಂಡನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಕೆಳಕ್ಕೆ ಬಾಗಿಸಿದರೆ ಗೆರೆಯಲ್ಲೇ ಮುರಿಯುತ್ತದೆ. ಮುಖದಿಂದ ದೂರ ಹಿಡಿದು, ಮೇಲೆ ಒಂದು ದಪ್ಪ ಬಟ್ಟೆ ಮುಚ್ಚಿಕೊಂಡರೆ ಹಾರುವ ಭಯವಿಲ್ಲ. ಕೆಲವು ಕಟರ್‌ಗಳ ಹಿಂದಿನ ಕ್ಯಾಪಿನಲ್ಲೇ ಮುರಿಯಲು ಸಣ್ಣ ಸೀಳು ಇರುತ್ತದೆ, ನಾವು ಅದನ್ನು ನೋಡಿಯೇ ಇರುವುದಿಲ್ಲ.

ಮೊಂಡಾದ ಬ್ಲೇಡೆಲ್ಲ ಕೂಡಲೇ ಡಬ್ಬಕ್ಕೆ ಹೋಗಬೇಕೆಂದೇನೂ ಇಲ್ಲ. ಚಾಚಾ ಅರ್ಧ ಮೊಂಡಾದ ಬ್ಲೇಡುಗಳನ್ನು ಬೇರೆ ಕಟರ್‌ಗೆ ಹಾಕಿ ಕೆರೆಯುವ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಗಾಜಿನ ಮೇಲಿನ ಹಳೆ ಸ್ಟಿಕ್ಕರ್ ಎಬ್ಬಿಸಲು, ಒಣಗಿದ ಗಮ್ ಮತ್ತು ಪೇಂಟಿನ ಹನಿ ತೆಗೆಯಲು, ಸುತಲಿ ದಾರ ಕತ್ತರಿಸಲು ಅದು ಸಾಕು. ಆದರೆ ರೆಕ್ಸಿನ್, ದಪ್ಪ ರಟ್ಟು, ಥರ್ಮಾಕೋಲ್ ಕತ್ತರಿಸಲು ಮೊಂಡು ಬ್ಲೇಡು ಬೇಡವೇ ಬೇಡ. ಹರಿತ ಬ್ಲೇಡಿಗಿಂತ ಮೊಂಡು ಬ್ಲೇಡಿನಿಂದ ಕೈ ಕೊಯ್ದುಕೊಂಡವರೇ ಹೆಚ್ಚು ಎಂಬುದು ಚಾಚಾ ಅವರ ಇಪ್ಪತ್ತು ವರ್ಷದ ಅನುಭವದ ಮಾತು. ಮೊಂಡಾದಷ್ಟೂ ಬಲ ಹಾಕುತ್ತೇವೆ, ಬಲ ಹಾಕಿದಷ್ಟೂ ಬ್ಲೇಡು ಜಾರುತ್ತದೆ. ಎಂಟು ಆಣೆ ಉಳಿಸಲು ಹೋಗಿ ಬೆರಳು ಕಳೆದುಕೊಳ್ಳುವುದು ವ್ಯಾಪಾರವಲ್ಲ. ರಕ್ತ ತಾಗಿದ ಬ್ಲೇಡನ್ನಂತೂ ಯಾವ ಕೆಲಸಕ್ಕೂ ಮತ್ತೆ ಬಳಸಬಾರದು.

ಇನ್ನು ಹಣದ ಲೆಕ್ಕ. ತಿಂಗಳಿಗೆ 4 ಡಬ್ಬಿ, ಅಂದರೆ 40 ಬ್ಲೇಡು ಅಂಗಡಿಯಲ್ಲಿ ಮುಗಿಯುತ್ತದೆ. ಒಂದು ಬ್ಲೇಡು ಸುಮಾರು 7 ಗ್ರಾಂ. ನಾಲ್ಕು ತಿಂಗಳ ನಂತರ ಡಬ್ಬವನ್ನು ತಕ್ಕಡಿಗಿಟ್ಟು ಖಾಲಿ ಡಬ್ಬದ ತೂಕ ಕಳೆದೆ. 1 ಕಿಲೋ ದಾಟಿತ್ತು. ಡಬ್ಬ ಅರ್ಧವೂ ತುಂಬಿರಲಿಲ್ಲ. ಗುಜರಿಯವರನ್ನು ಕೇಳಿದರೆ ಕಬ್ಬಿಣಕ್ಕೆ ಕಿಲೋಗೆ 25 ರೂಪಾಯಿ ಅಂದರು. ಅಂದರೆ 8 ರೂಪಾಯಿಯ ಬ್ಲೇಡಿನ ಗುಜರಿ ಬೆಲೆ ಹದಿನೇಳೂವರೆ ಪೈಸೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಬ್ಲೇಡು ಉಕ್ಕು, ಉಕ್ಕನ್ನು ಕರಗಿಸಿ ಮತ್ತೆ ಉಕ್ಕು ಮಾಡಬಹುದು. ಕಸದ ರಾಶಿಯಲ್ಲಿ ತುಕ್ಕು ಹಿಡಿಯುವುದಕ್ಕಿಂತ ಅದು ಒಳ್ಳೆಯದು. ಗುಜರಿಯವರು ಇನ್ನೊಂದು ಮಾತು ಹೇಳಿದರು: "ಸುರಿಯೋಕೆ ಹೋಗಬೇಡ, ಡಬ್ಬ ಸಮೇತ ಕೊಡು. ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳು. ನಮ್ಮ ಹುಡುಗರೂ ಕೈಯಿಂದಲೇ ವಿಂಗಡಿಸೋದು." ಅವರ ಹುಡುಗರಿಗೂ ಕೈಗಳಿವೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಮೂರಾಗಿ ಬೇರ್ಪಡಿಸಬೇಕೆಂದು ಹೇಳಿದವು. ಬಳಸಿದ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಕಸದ ಸಾಲಿಗೆ ಸೇರಿಸಿದವು. ಸೂಜಿಗೆ ಯಾವ ಕಾರಣವೋ ಬ್ಲೇಡಿಗೂ ಅದೇ ಕಾರಣ. ಗುಜರಿ ಅಂಗಡಿ ದೂರವಿರುವ ಮನೆಯವರು ತುಂಬಿದ ಡಬ್ಬವನ್ನು ಕಸದೊಳಗೆ ಬಚ್ಚಿಡದೆ, ಕಸದ ಆಟೋ ಬಂದಾಗ ಬೇರೆಯಾಗಿ ಕೈಗೆ ಕೊಟ್ಟು "ಇದರಲ್ಲಿ ಬ್ಲೇಡ್ ಇದೆ" ಎಂದು ಹೇಳಿದರೆ ಸಾಕು. ಅಬ್ಬಾ ಅವರ ಶೇವಿಂಗ್ ಬ್ಲೇಡಿಗೂ ಅಮ್ಮಿಯ ಮುರಿದ ಹೊಲಿಗೆ ಸೂಜಿಗೂ ಮನೆಯಲ್ಲಿ ಒಂದು ಪ್ರತ್ಯೇಕ ಚಿಕ್ಕ ಡಬ್ಬ ಈಗ ಕಿಟಕಿಯ ಮೇಲಿದೆ. ಗಲ್ಲಿಯಲ್ಲಿ ಜೆರಾಕ್ಸ್ ಅಂಗಡಿಯವರು ಮತ್ತು ಒಬ್ಬ ಟೈಲರ್ ನಮ್ಮ ಗುಲ್ಲಕ್ ನೋಡಿ ತಾವೂ ಇಟ್ಟುಕೊಂಡಿದ್ದಾರೆ. ಕಟಿಂಗ್ ಶಾಪಿನವರು "ನೋಡೋಣ" ಎಂದಿದ್ದಾರೆ. ಅವರ ಬ್ಲೇಡಿಗೆ ರಕ್ತ ತಾಗಿರಬಹುದಾದ್ದರಿಂದ ಅವರ ಡಬ್ಬ ಎಲ್ಲರಿಗಿಂತ ಮೊದಲು ಬರಬೇಕಿತ್ತು. ಚಾಚಾ ಇನ್ನೊಮ್ಮೆ ಮಾತಾಡುತ್ತೇನೆ ಎಂದಿದ್ದಾರೆ.

ನಮ್ಮ ಕಾಲೇಜಿನಲ್ಲೂ ಬ್ಲೇಡು ಕಡಿಮೆಯಿಲ್ಲ. ಚಾರ್ಟ್, ಮಾಡೆಲ್, ವಾರ್ಷಿಕೋತ್ಸವದ ವೇದಿಕೆಯ ಥರ್ಮಾಕೋಲ್ ಅಕ್ಷರ ಎಲ್ಲಕ್ಕೂ ಕಟರ್ ಬೇಕು. ಕೆಲಸ ಮುಗಿದ ಮೇಲೆ ಕೊಠಡಿ ಗುಡಿಸುವವರು ನಮ್ಮ ಆಯಮ್ಮನವರು. ಅವರು ಕಾಗದದ ಚೂರುಗಳನ್ನು ಎರಡೂ ಕೈಗಳಿಂದ ಬಾಚಿ ತುಂಬುವುದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಎನ್‌ಎಸ್‌ಎಸ್ ಘಟಕದ ಸರ್ ಅವರಲ್ಲಿ ನನ್ನದೊಂದು ವಿನಂತಿ. ಸ್ಟಾಫ್ ರೂಮಿನ ಹೊರಗೆ ಒಂದು ಬ್ಲೇಡ್ ಡಬ್ಬ ಇಡಲು ಅನುಮತಿ ಕೊಡಬೇಕು. ಕಟರ್ ಪಡೆದವರು ಮುರಿದ ತುಂಡುಗಳನ್ನು ಅದರಲ್ಲಿ ಹಾಕಿಯೇ ಕಟರ್ ಹಿಂತಿರುಗಿಸಲಿ. ಡಬ್ಬ ನಾನು ತರುತ್ತೇನೆ. ಮುಚ್ಚಳಕ್ಕೆ ಸೀಳು ಹಾಕಿ, ಕೆಂಪು ಅಕ್ಷರ ಕತ್ತರಿಸಿ ಕೊಡಲು ಚಾಚಾ ಒಪ್ಪಿದ್ದಾರೆ, ಅದಕ್ಕೆ ಬಿಲ್ ಇಲ್ಲ. ತುಂಬಿದ ಮೇಲೆ ಗುಜರಿಗೆ ಒಯ್ಯುವ ಕೆಲಸವೂ ನನ್ನದು. ಬರುವ ಹತ್ತೋ ಇಪ್ಪತ್ತೋ ರೂಪಾಯಿಯ ಚೀಟಿಯನ್ನು ನೋಟಿಸ್ ಬೋರ್ಡಿನಲ್ಲಿ ಹಚ್ಚುತ್ತೇನೆ. ಕಾಮರ್ಸ್ ವಿಭಾಗದವರು ಲೆಕ್ಕ ತಾಳೆ ನೋಡಬಹುದು.