ಕಂದದ ಕಟ್ಟಳೆಯೂ ಕವಿಯ ಸ್ವಾತಂತ್ರ್ಯವೂ

ರೋಣದ ಸೀಮೆಯ ಸವಡಿಯು ಕನ್ನಡಿಗರಿಗೆ ದುರ್ಗಸಿಂಹನ ಊರು. ಕಿಸುಕಾಡಿನ ಸಯ್ಯಡಿ ಎಂಬ ಅಗ್ರಹಾರವು ಇದೇ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ಈ ಪಂಡಿತನು 1031ರ ಸುಮಾರಿಗೆ ಪಂಚತಂತ್ರವನ್ನು ಕನ್ನಡದಲ್ಲಿ ಚಂಪುವಾಗಿ ರಚಿಸಿದನು. ಅದರ ಕಥೆಗಳನ್ನು ಮಕ್ಕಳು ಕಿವಿಗೊಟ್ಟು ಕೇಳುವರು. ಆ ಕಥೆಗಳ ನಡುವೆ ಬರುವ ಕಂದಪದ್ಯವನ್ನು ಕಂಡರೆ ಮಾತ್ರ ಹಿಂಜರಿಯುವರು. ಛಂದಸ್ಸೆಂದರೆ ಅವರಿಗೆ ಬಾಯಿಪಾಠದ ಸೂತ್ರ, ಪರೀಕ್ಷೆಯ ಅಂಕ. "ಇಷ್ಟು ಕಟ್ಟಳೆಗಳ ನಡುವೆ ಕವಿಯು ಉಸಿರಾಡುವದೆಂತು?" ಎಂದು ಬುದ್ಧಿವಂತನಾದ ಒಬ್ಬ ವಿದ್ಯಾರ್ಥಿಯು ಕೇಳಿದರೆ, ಗದರಿಸಿ ಸುಮ್ಮನಾಗಿಸುವದು ಗುರುಧರ್ಮವಲ್ಲ. ಉತ್ತರವು ಎಣಿಕೆಯಲ್ಲಿದೆ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಗಳ ಗಣವನ್ನು ಎಷ್ಟು ಬಗೆಯಾಗಿ ಕಟ್ಟಬಹುದು? ಗಣದ ಕೊನೆಯ ಅಕ್ಷರವನ್ನು ನೋಡಬೇಕು. ಅದು ಲಘುವಾದರೆ ಅದರ ಹಿಂದೆ ಮೂರು ಮಾತ್ರೆಗಳು ಉಳಿಯುವವು, ಗುರುವಾದರೆ ಎರಡು. ಆದುದರಿಂದ ಮೂರು ಮಾತ್ರೆಗಳ ಬಗೆಗಳನ್ನೂ ಎರಡು ಮಾತ್ರೆಗಳ ಬಗೆಗಳನ್ನೂ ಕೂಡಿಸಿದರೆ ನಾಲ್ಕು ಮಾತ್ರೆಗಳ ಬಗೆಗಳು ದೊರೆಯುವವು. ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8. ಪ್ರಸ್ತಾರವನ್ನು ಉರುಹೊಡೆದವನು ಐದು ಗಣಗಳನ್ನು ಬರೆದು ತೋರಿಸುವನು. ಆರನೆಯದು ಏಕಿಲ್ಲವೆಂಬುದನ್ನು ಈ ಯುಕ್ತಿಯನ್ನು ತಿಳಿದವನೇ ಹೇಳಬಲ್ಲನು.

ಈ ಕ್ರಮವನ್ನು ಪ್ರಾಕೃತ ಛಂದಸ್ಸಿನ ವಿರಹಾಂಕನು ಹೇಳಿದ್ದನು. 1150ರ ಸುಮಾರಿಗೆ ಹೇಮಚಂದ್ರನೂ ಹೇಳಿದನು. ಇಟಲಿಯ ಫಿಬೊನಾಚಿಯು 1202ರಲ್ಲಿ ಮೊಲಗಳ ಸಂತಾನದ ಲೆಕ್ಕದಲ್ಲಿ ಇವೇ ಸಂಖ್ಯೆಗಳನ್ನು ಕಂಡನು. ಇದನ್ನು ಕೇಳಿ ಹೆಮ್ಮೆಪಡುವವರು ಬಹಳ, ಬಳಪ ಹಿಡಿದು ಕೂಡಿಸಿ ನೋಡುವವರು ವಿರಳ. ಹಿರಿಯರ ಸೊತ್ತು ಹೊಗಳಿಕೆಯಿಂದ ಉಳಿಯುವದಿಲ್ಲ, ಬಳಕೆಯಿಂದ ಉಳಿಯುವದು.

ಅತಿ ದೊಡ್ಡ ಭಾಗದ ಮಿತಿಯನ್ನು ಬದಲಿಸಿದರೆ ಏನಾಗುವದು? ಮೂರು ಮಾತ್ರೆಗಳ ಪ್ಲುತಕ್ಕೂ ಎಡೆಗೊಟ್ಟೆವೆನ್ನೋಣ. ಆಗ ಹಿಂದಿನ ಎರಡಲ್ಲ, ಮೂರು ಸಂಖ್ಯೆಗಳನ್ನು ಕೂಡಿಸಬೇಕು: 1, 2, 4, 7, 13. ನಾಲ್ಕು ಮಾತ್ರೆಗಳ ಹಳೆಯ ಐದು ಬಗೆಗಳೊಡನೆ ಪ್ಲುತ-ಲಘು, ಲಘು-ಪ್ಲುತ ಎಂಬ ಎರಡು ಸೇರಿ ಏಳಾದುವು. ಮಿತಿ ಎಷ್ಟಿದ್ದರೆ ಹಿಂದಿನ ಅಷ್ಟು ಸಂಖ್ಯೆಗಳ ಮೊತ್ತ ಎಂಬ ಈ ವ್ಯಾಪಕ ನಿಯಮವನ್ನು ನಾರಾಯಣ ಪಂಡಿತನು 1356ರ ಗಣಿತಕೌಮುದಿಯಲ್ಲಿ ಸಾಮಾಸಿಕೀ ಪಂಕ್ತಿ ಎಂಬ ಹೆಸರಿನಿಂದ ನಿರೂಪಿಸಿದನು.

ಇನ್ನು ಕಂದಕ್ಕೆ ಬರೋಣ. ಕಂದದ ಪೂರ್ವಾರ್ಧದಲ್ಲಿ ನಾಲ್ಕು ಮಾತ್ರೆಗಳ ಎಂಟು ಗಣಗಳು: ಮೊದಲ ಪಾದದಲ್ಲಿ ಮೂರು, ಎರಡನೆಯದರಲ್ಲಿ ಐದು. ಉತ್ತರಾರ್ಧವೂ ಹಾಗೆಯೇ. ವಿಷಮಸ್ಥಾನಗಳಲ್ಲಿ ಜಗಣ, ಅಂದರೆ ಲಘು-ಗುರು-ಲಘು, ಬರಲಾಗದು; ಆದುದರಿಂದ 1, 3, 5, 7ನೆಯ ಗಣಗಳಿಗೆ ನಾಲ್ಕು ನಾಲ್ಕು ಬಗೆ. 2 ಮತ್ತು 4ನೆಯವಕ್ಕೆ ಐದೈದು. ಆರನೆಯದು ಜಗಣ ಇಲ್ಲವೆ ಸರ್ವಲಘು, ಎರಡೇ ಬಗೆ. ಎಂಟನೆಯದು ಗುರುವಿನಲ್ಲಿ ಮುಗಿಯಬೇಕಾದುದರಿಂದ ಅದಕ್ಕೂ ಎರಡೇ. ಇವನ್ನೆಲ್ಲ ಗುಣಿಸಿದರೆ ಅರ್ಧಪದ್ಯಕ್ಕೆ 25,600 ರೂಪಗಳು. ಇಡಿಯ ಕಂದಕ್ಕೆ 65,53,60,000.

ಕನ್ನಡದ ಪ್ರಾಸವು ಇನ್ನೂ ಒಂದು ಕಟ್ಟಳೆಯನ್ನು ಹಾಕುವದು: ನಾಲ್ಕೂ ಪಾದಗಳ ಮೊದಲಕ್ಷರವು ಎಲ್ಲೆಡೆ ಗುರುವಾಗಿರಬೇಕು, ಇಲ್ಲವೆ ಎಲ್ಲೆಡೆ ಲಘುವಾಗಿರಬೇಕು. ಪಾದಾರಂಭದ ಗಣಗಳನ್ನು ಹೀಗೆ ಬೇರ್ಪಡಿಸಿ ಎಣಿಸಿದರೆ, ಅರ್ಧಪದ್ಯಕ್ಕೆ ಗುರುವಿನಿಂದ 5,120, ಲಘುವಿನಿಂದ 7,680 ರೂಪಗಳಾಗುವವು. ಇವುಗಳ ವರ್ಗಗಳನ್ನು ಕೂಡಿಸಲು 8,51,96,800.

ಇದು ಬರಿಯ ಗುರು-ಲಘುಗಳ ಲೆಕ್ಕ. ಶಬ್ದವೂ ಅರ್ಥವೂ ರಸವೂ ಇದಕ್ಕೆ ಹೊರಗು. ಆದರೂ ವಿದ್ಯಾರ್ಥಿಗೆ ಉತ್ತರ ದೊರೆಯಿತು. ಎಲ್ಲ ಕಟ್ಟಳೆಗಳನ್ನು ಹಾಕಿದ ಮೇಲೂ ಸವಡಿಯ ಕವಿಯ ಮುಂದೆ ಒಂದೊಂದು ಕಂದಕ್ಕೂ ಎಂಟೂವರೆ ಕೋಟಿ ದಾರಿಗಳು ತೆರೆದಿದ್ದವು. ಕಟ್ಟಳೆಯನ್ನು ಬಾಯಿಪಾಠ ಮಾಡಿಸಿ ಈ ದಾರಿಗಳನ್ನು ತೋರಿಸದಿದ್ದರೆ, ಮಕ್ಕಳು ಗೋಡೆಯನ್ನಷ್ಟೇ ಕಂಡು ಮರಳುವರು. ಗೋಡೆಯೊಳಗಿನ ತೋಟವು ಅವರ ಪಾಲಿಗೆ ಇಲ್ಲವಾಗುವದು.