ಟೀವಿ ಸ್ಟ್ಯಾಂಡಿನೊಳಗಿನ ಕಂಪ್ಯೂಟರ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈಗ ಸದ್ದು ಮಾಡದ ಫ್ಯಾನ್ ಕೊಡಿ ಎಂದು ಕೇಳುವವರು ಅಪರೂಪ. ಬಣ್ಣಬಣ್ಣದ ಲೈಟಿನ ಗೇಮಿಂಗ್ ಕ್ಯಾಬಿನೆಟ್‌ಗಳೇ ಅಂಗಡಿ ತುಂಬ. ಹದಿನೈದು ವರ್ಷದ ಹಿಂದೆ ಇದೇ ಅಂಗಡಿಗಳಿಗೆ ಎಡತಾಕುತ್ತಿದ್ದ ನಮ್ಮಂಥವರ ಸಣ್ಣ ಪಂಗಡವೊಂದಿತ್ತು. ಡಿವಿಡಿ ಪ್ಲೇಯರಿನ ಜಾಗದಲ್ಲಿ ಸದ್ದಿಲ್ಲದೆ ಕೂರುವ ಕಂಪ್ಯೂಟರ್ ನಮಗೆ ಬೇಕಿತ್ತು. "ಸಿನಿಮಾ ನೋಡೋಕೆ ಇಷ್ಟೆಲ್ಲ ಯಾಕೆ ಸಾರ್?" ಎನ್ನುತ್ತಲೇ ಅಂಗಡಿಯವನು ಅಟ್ಟದಿಂದ ಮಿನಿ ಐಟಿಎಕ್ಸ್ ಎಂಬ ಪುಟ್ಟ ಬೋರ್ಡಿನ ಡಬ್ಬ ಇಳಿಸುತ್ತಿದ್ದ.

ಯಾಕೆ ಎಂದರೆ, ಆರಿಸುವುದರಲ್ಲೇ ಅರ್ಧ ಸುಖ. ಇಂಟೆಲ್ ಆಟಮ್ ಪ್ರೊಸೆಸರ್ ತಣ್ಣಗಿರುತ್ತಿತ್ತು, ಆದರೆ 1080ಪಿ ಸಿನಿಮಾ ಹಾಕಿದರೆ ಏದುಸಿರು ಬಿಡುತ್ತಿತ್ತು; ಜೊತೆಗೆ ಎನ್ವಿಡಿಯಾದ ಅಯಾನ್ ಚಿಪ್ ಇದ್ದರೆ ಆ ಭಾರವನ್ನು ಅದು ಹೊರುತ್ತಿತ್ತು. 2011ರಲ್ಲಿ ಬಂದ ಎಎಂಡಿ ಇ-350, ಪ್ರೊಸೆಸರ್ ಗ್ರಾಫಿಕ್ಸ್ ಎರಡೂ ಸೇರಿ 18 ವ್ಯಾಟ್! ಕೆಲವು ಬೋರ್ಡುಗಳಲ್ಲಿ ಫ್ಯಾನೇ ಇರಲಿಲ್ಲ.

ಸಾಫ್ಟ್‌ವೇರಿನ ಜಗಳವೇ ಬೇರೆ. ಮನೆಯವರಿಗೆಲ್ಲ ಒಗ್ಗಿದ್ದು ವಿಂಡೋಸ್ ಮೀಡಿಯಾ ಸೆಂಟರ್. ಎಕ್ಸ್‌ಬಾಕ್ಸ್ ಗೇಮ್ ಯಂತ್ರಕ್ಕೆಂದು ಹುಟ್ಟಿ, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡ ಎಕ್ಸ್‌ಬಿಎಂಸಿ ಪೋಸ್ಟರುಗಳನ್ನು ತಾನೇ ತಂದು ಜೋಡಿಸುತ್ತಿತ್ತು. ಹಟಮಾರಿಗಳಿಗೆ ಮೀಡಿಯಾ ಪ್ಲೇಯರ್ ಕ್ಲಾಸಿಕ್. ಯಾವುದನ್ನು ಹಾಕಿಕೊಂಡರೂ ಒಂದು ತೊಡಕು ಎದುರಾಗುತ್ತಿತ್ತು: ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ಪರದೆಯದು 60 ಹರ್ಟ್ಸ್. ಲೆಕ್ಕ ಕೂಡದೆ ಒಂದು ಫ್ರೇಮು ಎರಡು ಸಲ, ಮುಂದಿನದು ಮೂರು ಸಲ ಬಂದು, ಕ್ಯಾಮೆರಾ ನಿಧಾನಕ್ಕೆ ತಿರುಗಿದಾಗ ತೆಂಗಿನ ಸಾಲು ಕುಲುಕುತ್ತಿತ್ತು. ಪರದೆಯನ್ನು 24ಕ್ಕೆ ಕೂರಿಸಿದ ಕೂಡಲೇ ಅದೇ ಸಾಲು ಎಣ್ಣೆ ಸುರಿದಂತೆ ಜಾರುತ್ತಿತ್ತು. ಒಮ್ಮೆ ಕಂಡವರಿಗೆ ಮತ್ತೆ ಆ ಕುಲುಕಾಟ ಸಹಿಸುವುದು ಕಷ್ಟ.

ಈ ಹವ್ಯಾಸ ತಾನಾಗಿ ಸತ್ತದ್ದಲ್ಲ, ಒಂದೊಂದೇ ಬಾಗಿಲಿಗೆ ಬೀಗ ಬಿತ್ತು. ಟೀವಿ ಟ್ಯೂನರ್ ಕಾರ್ಡಿಗೆ ಕೇಬಲ್ ಚುಚ್ಚಿ ಹಳೆಯ ಕನ್ನಡ ಚಿತ್ರಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. 2013ರಲ್ಲಿ ಬೆಂಗಳೂರು, ಮೈಸೂರಿನ ಕೇಬಲ್ ಡಿಜಿಟಲ್ ಆಗಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾದಾಗ ಆ ಕಾರ್ಡು ಕುರುಡಾಯಿತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರೇ ಇರಲಿಲ್ಲ. 4ಕೆ ಬ್ಲೂರೇ ಡಿಸ್ಕನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಸೌಲಭ್ಯ ಬೇಕಿತ್ತು. ಹನ್ನೊಂದನೆಯ ಪೀಳಿಗೆಯ ಪ್ರೊಸೆಸರಿನಿಂದ ಇಂಟೆಲ್ ಅದನ್ನೇ ಕಿತ್ತುಹಾಕಿತು. ದುಡ್ಡು ಕೊಟ್ಟು ಡಿಸ್ಕ್ ಕೊಂಡವನ ಪಾಡು ಇದು. ಕದ್ದು ನೋಡುವವನಿಗೆ ಯಾವ ತೊಂದರೆಯೂ ಇರಲಿಲ್ಲ ಬಿಡಿ.

2017ರಲ್ಲಿ ಅಮೆಜಾನ್‌ನ ಫೈರ್ ಸ್ಟಿಕ್ 3,999 ರೂಪಾಯಿಗೆ ನಮ್ಮಲ್ಲಿಗೆ ಬಂತು. ಅದನ್ನು ಬೈಯಲಾರೆ; ಅಮ್ಮ ಯಾರನ್ನೂ ಕರೆಯದೆ ತಾನೇ ಸಿನಿಮಾ ಹಾಕಿಕೊಳ್ಳುತ್ತಾಳೆ. ಆದರೆ ಹೋದ ತಿಂಗಳು ಅರ್ಧ ನೋಡಿ ಬಿಟ್ಟಿದ್ದ ಚಿತ್ರ ಈ ತಿಂಗಳು ಮಾಯ. "ಎಲ್ಲಿ ಹೋಯ್ತೋ ಅದು?" ಎಂದರೆ ಏನು ಹೇಳುವುದು? ಹಕ್ಕಿನ ಅವಧಿ ಮುಗಿಯಿತು ಎಂದೇ? ಟ್ಯೂನರ್ ಕಾರ್ಡಿನಲ್ಲಿ ಇಳಿಸಿಕೊಂಡ ಚಿತ್ರಗಳಲ್ಲಿ ಚಾನೆಲ್ಲಿನ ಮುದ್ರೆಯಿತ್ತು, ಸೋಪಿನ ಜಾಹೀರಾತಿತ್ತು, ಮಾಯವಾಗುವ ಚಾಳಿ ಮಾತ್ರ ಇರಲಿಲ್ಲ.

ಕೋಡಿ ಇನ್ನೂ ಇದೆ, ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಕೂತು ಹೊಂದಿಸುವ ವ್ಯವಧಾನವಿರುವವರೇ ಕಡಿಮೆ. ಟೀವಿಯ ಕಥೆಯೂ ಅಷ್ಟೇ: ಇಲ್ಲದ ಫ್ರೇಮುಗಳನ್ನು ನಡುವೆ ತುರುಕಿ ಚಿತ್ರವನ್ನು ನುಣ್ಣಗೆ ಮಾಡುವ ಸೆಟ್ಟಿಂಗ್ ಎಷ್ಟೋ ಹೊಸ ಟೀವಿಗಳಲ್ಲಿ ಆನ್ ಆಗಿಯೇ ಬರುತ್ತದೆ. ನೆಂಟರ ಮನೆಯ ದೊಡ್ಡ ಟೀವಿಯಲ್ಲಿ ಎಂಥ ಸಿನಿಮಾವೂ ಸೀರಿಯಲ್ಲಿನಂತೆ ಕಾಣುತ್ತದೆ. ಅವರು ಕಾಫಿ ತರಲು ಒಳಗೆ ಹೋದಾಗ ರಿಮೋಟ್ ಹುಡುಕಿ ನಾನೇ ಅದನ್ನು ಆಫ್ ಮಾಡಿಬಿಡುತ್ತೇನೆ. ಇದುವರೆಗೆ ಯಾರೂ ಗಮನಿಸಿಲ್ಲ.