ಹೊಗೆಯ ಫೋಟೊ, ಸರ್ಕಾರದ ಪೇಟೆಂಟ್

ಪುಣೆಯ ಪಾಷಾಣ್ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುಂದೆ ಹೋಗುವಾಗೆಲ್ಲ ನನಗೆ ಪೇಟೆಂಟಿನದೇ ಯೋಚನೆ. 1990ರ ದಶಕದಲ್ಲಿ, ಮಾಶೇಲ್ಕರ್ ಕಾಲದಲ್ಲಿ, ಇಲ್ಲಿನ ಪಾಲಿಕಾರ್ಬೊನೇಟ್ ಪೇಟೆಂಟಿನ ಪರವಾನಗಿಯನ್ನು ಅಮೆರಿಕದ ಜಿಇ ಕಂಪನಿ ಪಡೆಯಿತು. ಸರ್ಕಾರಿ ಪೇಟೆಂಟ್ ಎಂದರೆ ಕಪಾಟಿನ ಕಾಗದ ಎಂದುಕೊಂಡವರಿಗೆ ಅದು ಹೊಸ ಮಾತು.

ಈಗ ನನ್ನ ತಲೆ ಹೊಕ್ಕಿರುವುದು ಹೊಗೆ. ಚಿಮಣಿಯ ಹೊಗೆ ಎಷ್ಟು ದಟ್ಟ ಎಂದು ತಿಳಿಯಲು ಅಮೆರಿಕದಲ್ಲಿ ತರಬೇತಿ ಪಡೆದವರೊಬ್ಬರು ಆರು ನಿಮಿಷ ನಿಂತು, 15 ಸೆಕೆಂಡಿಗೊಮ್ಮೆ ನೋಡಿ, 24 ಅಂದಾಜು ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಅವರ ಕಣ್ಣಿಗೇ ಪರೀಕ್ಷೆ! ಡಿಜಿಟಲ್ ಫೋಟೊ ಇದ್ದರೆ, ಹೊಗೆಯ ಹೊಳಪನ್ನು ಪಕ್ಕದ ಆಕಾಶದ ಹೊಳಪಿಗೆ ಹೋಲಿಸಿ ಅದೇ ಲೆಕ್ಕ ಹಾಕಬಹುದು. ಚಿತ್ರ ಸಾಕ್ಷಿಯಾಗಿಯೂ ಉಳಿಯುತ್ತದೆ.

ಇಂಥ ವಿಧಾನದ ಪೇಟೆಂಟ್ ಸರ್ಕಾರದ್ದಾದರೆ ಯಾರಿಗೆ ಕೊಡಬೇಕು? ಒಬ್ಬರಿಗೇ ಕೊಡುವ ಮುನ್ನ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕೆಂಬುದು ಅಮೆರಿಕದ ನಿಯಮ. ಏಕಸ್ವಾಮ್ಯ ಇಲ್ಲದಿದ್ದರೆ ಬಂಡವಾಳ ಬಾರದು ಎನ್ನುತ್ತಾರೆ, ಪಾಲಿಕಾರ್ಬೊನೇಟಿಗೆ ಒಪ್ಪೋಣ. ಹೊಗೆಯ ಅಳತೆ ಹಾಗಲ್ಲ, ದಂಡ ನಿಂತಿರುವುದೇ ಅದರ ಮೇಲೆ. ತಕ್ಕಡಿ ಒಬ್ಬನೇ ವ್ಯಾಪಾರಿಯ ಕೈಲಿದ್ದರೆ? ಕಡಿಮೆ ಶುಲ್ಕಕ್ಕೆ ಹಲವರಿಗೆ ಕೊಡಲಿ ಎನ್ನುವವನು ನಾನು. ಭೋಸರಿಯ ಸಣ್ಣ ಕಾರ್ಖಾನೆಯವರೂ ಅದರ ಪಕ್ಕದ ಮನೆಯವರೂ ಅದೇ ಹೊಗೆಯ ಫೋಟೊ ತೆಗೆದರೆ ಇಬ್ಬರಿಗೂ ಒಂದೇ ಅಂಕಿ ಸಿಗಬೇಕು.